ಹಾಸುಹೊಕ್ಕಿಲ್ಲದ ಬಟ್ಟೆ

ಹಾಸು ಮತ್ತು ಹೊಕ್ಕು ಕೂಡಿದಲ್ಲಿ ಬಟ್ಟೆ ಹುಟ್ಟುತ್ತದೆಂಬುದು ಮಗ್ಗದಷ್ಟೇ ಹಳೆಯ ತಿಳಿವಳಿಕೆ. ಆದರೆ ಇಂದು ನಗರದ ಹಸುಗೂಸಿನ ಮೈಗೂ ಋತುಮತಿಯಾದ ಹೆಣ್ಣಿನ ಮೈಗೂ ತಗಲುವ ಬಟ್ಟೆ ಬಹುಮಟ್ಟಿಗೆ ಮಗ್ಗವನ್ನು ಕಂಡುದೇ ಅಲ್ಲ. ನೂಲದೆ, ನೇಯದೆ, ಎಳೆಗಳನ್ನು ಹಾಳೆಯಂತೆ ಹರಡಿ ಬೆಸೆದ ಈ ವಸ್ತುವಿಗೆ ‘ನಾನ್‌ವೋವನ್’ ಎಂದು ಹೆಸರು. ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯಾವುದು ಎಷ್ಟು ನೀರು ಹೀರಿತೆಂಬ ಲೆಕ್ಕವನ್ನೇ ಮುಂದಿಡುತ್ತಾರೆ. ಹೀರುವುದೇನೂ ದೊಡ್ಡ ಮಾತಲ್ಲ. ಹಳೆಯ ಸೀರೆಯ ತುಂಡೂ ಹೀರುತ್ತದೆ. ಹೀರಿದ ಮೇಲೆಯೂ ಚರ್ಮಕ್ಕೆ ಒಣಗಿದಂತೆ ತೋರಬೇಕು, ಮೈಭಾರಕ್ಕೆ ಕುಗ್ಗಿದರೂ ಮರಳಿ ಉಬ್ಬಬೇಕು, ಕಷ್ಟವಿದ್ದುದು ಅಲ್ಲಿ.

1914ರಲ್ಲಿ ಮೊದಲನೆಯ ಮಹಾಯುದ್ಧ ತೊಡಗಿದಾಗ ಗಾಯಕ್ಕೆ ಕಟ್ಟಲೂ ಹತ್ತಿ ಬೇಕಾಯಿತು, ಸಿಡಿಮದ್ದಿಗೂ ಹತ್ತಿ ಬೇಕಾಯಿತು. ಬ್ರಿಟನ್ನಿನವರು ಜೌಗುನೆಲದಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಎಂಬ ಹಾವಸೆಯನ್ನು ಒಣಗಿಸಿ ಗಾಯಗಳಿಗೆ ಕಟ್ಟಿದರು. ಅದು ತನ್ನ ತೂಕದ ಸುಮಾರು 20 ಪಟ್ಟು ದ್ರವವನ್ನು ಹಿಡಿಯಬಲ್ಲದು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಕಿಂಬರ್ಲಿ-ಕ್ಲಾರ್ಕ್ ಎಂಬ ಕಾಗದದ ಕಂಪನಿಯ ಅರ್ನ್ಸ್ಟ್ ಮಾಹ್ಲರ್ ಮತ್ತು ಜೇಮ್ಸ್ ಕಿಂಬರ್ಲಿ ಅದೇ ವರ್ಷ ಯುರೋಪಿನ ಗಿರಣಿಗಳನ್ನು ಸುತ್ತಿ, ಮರದ ತಿರುಳಿನಿಂದ ಮಾಡಿದ ನಿರಿಗೆಯ ಮೆತ್ತೆಯೊಂದನ್ನು ಕಂಡುಬಂದರು. ಅದೇ ಪರಿಷ್ಕಾರಗೊಂಡು ‘ಸೆಲ್ಯುಕಾಟನ್’ ಎಂಬ ಹೆಸರಿನಿಂದ, 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ, ಸೈನ್ಯದ ಆಸ್ಪತ್ರೆಗಳನ್ನು ಸೇರಿತು. ಅಲ್ಲಿನ ದಾದಿಯರು ಯಾರ ಅಪ್ಪಣೆಗೂ ಕಾಯದೆ ಅದನ್ನು ತಮ್ಮ ಮುಟ್ಟಿನ ದಿನಗಳಿಗೆ ಬಳಸಿಕೊಂಡರು. ಈ ಕೈಗಾರಿಕೆಯ ಮೊದಲ ಪರೀಕ್ಷಕರೆಂಬ ಗೌರವ ಅವರಿಗೆ ಸಲ್ಲಬೇಕು. ಅವರ ಹೆಸರುಗಳು ಮಾತ್ರ ಉಳಿದಿಲ್ಲ. ಯುದ್ಧ ಮುಗಿದು ಬೇಡಿಕೆ ಕುಸಿದಾಗ ಕಂಪನಿಗೆ ಆಸರೆಯಾದುದು ಅವರ ಈ ಪ್ರಯೋಗವೇ. 1920ರಲ್ಲಿ ‘ಕೋಟೆಕ್ಸ್’ ಅಂಗಡಿಗೆ ಬಂದಿತು. ಬಾಯಿಬಿಟ್ಟು ಕೇಳಲು ಹೆಂಗಸರು ಸಂಕೋಚಪಟ್ಟುದರಿಂದ, ಪೆಟ್ಟಿಗೆಗಳನ್ನು ಎದುರಿಗಿರಿಸಿ ಪಕ್ಕದ ಡಬ್ಬಿಯಲ್ಲಿ ತಾವೇ ಹಣ ಹಾಕಿ ಒಯ್ಯುವ ಏರ್ಪಾಡನ್ನೂ ಮಾಡಬೇಕಾಯಿತು.

ಆದರೆ ಕೋಟೆಕ್ಸಿನ ನವೀನತೆಯೆಲ್ಲ ಅದರ ಒಡಲಿನಲ್ಲಿತ್ತು. ಹೊದಿಕೆ ನೇಯ್ದ ಜಾಳುಬಟ್ಟೆಯೇ. ಮರದ ನಾರು ನೆನೆದೊಡನೆ ಬಿಗುಪು ಕಳೆದುಕೊಂಡು ಕುಸಿಯುತ್ತದೆ. ಕುಸಿದಾಗ ಎಳೆಗಳ ನಡುವಣ ಎಡೆ ಮುಚ್ಚಿ, ಹೀರಿದ ದ್ರವ ಒತ್ತಡಕ್ಕೆ ಮತ್ತೆ ಹೊರಬರುತ್ತದೆ. ಹತ್ತಿಯ ಹೊದಿಕೆಯಾದರೋ ತಾನೇ ನೀರನ್ನು ಹಿಡಿದು ಒದ್ದೆಯಾಗಿ ಉಳಿಯುತ್ತದೆ.

ಈ ದೋಷಕ್ಕೆ ಪರಿಹಾರ ಬಂದುದು ಬಟ್ಟೆಯ ಗಿರಣಿಯಿಂದಲ್ಲ. ಜರ್ಮನಿಯ ವೈನ್‌ಹೈಮಿನಲ್ಲಿ ಚರ್ಮ ಹದಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಸಂಸ್ಥೆಯಲ್ಲಿ ಕಾರ್ಲ್ ನೊಟ್ಟೆಬೋಮ್ 1936ರಲ್ಲಿ ಕೃತಕ ಚರ್ಮವನ್ನು ಅರಸುತ್ತ ನೇಯದ ಬಟ್ಟೆಯ ಕೆಲಸಕ್ಕೆ ಕೈಹಾಕಿದನು. ಚರ್ಮಕ್ಕೆಂದು ಹುಡುಕಿದುದು 1948ರಲ್ಲಿ ಉಡುಪಿನ ಒಳಪದರವಾಗಿ ಮಾರುಕಟ್ಟೆ ಕಂಡಿತು. 1954ರಲ್ಲಿ ಇಟಲಿಯ ಜೂಲಿಯೋ ನಟ್ಟಾ ಪಾಲಿಪ್ರೊಪಿಲೀನನ್ನು ಕ್ರಮಬದ್ಧ ರಚನೆಯಲ್ಲಿ ಸಾಧಿಸಿದನು. ಅದರ ಎಳೆ ನೀರನ್ನು ಒಳಗೆ ಸೇರಿಸದು. ಒದ್ದೆಯಲ್ಲಿಯೂ ಪುಟಿಯುವ ಗುಣವನ್ನು ಬಿಡದು. 1960ರ ದಶಕದಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಎಳೆಯಾಗಿಸಿ ನೇರವಾಗಿ ಬಟ್ಟೆಯಾಗಿ ಹರಡುವ ವಿಧಾನವೂ ಕೈಗೂಡಿತು.

ಈ ನಡುವೆ ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಕೂಸಿನ ಮೇಲ್ಚಡ್ಡಿ ಹೊಲಿದಳು. 1951ರಲ್ಲಿ ಅದರ ಪೇಟೆಂಟು ದೊರೆಯಿತು. ಬಳಸಿ ಬಿಸಾಡುವ ಕಾಗದದ ಡೈಪರನ್ನೂ ಮಾಡಬೇಕೆಂದು ಅವಳು ಹೇಳಿದಾಗ ಕಾಗದದ ಕಂಪನಿಗಳು ಕಿವಿಗೊಡಲಿಲ್ಲ. ದಶಕದ ನಂತರ, 1961ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇಲಿನಾಯ್ ಸಂಸ್ಥಾನದ ಪಿಯೋರಿಯಾ ನಗರದಲ್ಲಿ ‘ಪ್ಯಾಂಪರ್ಸ್’ ಇಟ್ಟು ನೋಡಿತು. ತಾಯಂದಿರು ಮೆಚ್ಚಿದರು, ಕೊಳ್ಳಲಿಲ್ಲ: ಒಂದಕ್ಕೆ 10 ಸೆಂಟು ಬೆಲೆ. ಅದು ಸುಮಾರು 6 ಸೆಂಟಿಗಿಳಿದ ಮೇಲೆಯೇ ವ್ಯಾಪಾರ ಕುದುರಿತು. ಅದರ ಮೇಲ್ಪದರ ದ್ರವವನ್ನು ಕೆಳಗಿಳಿಸಿ, ಹಿಂದಿರುಗದಂತೆ ತಡೆಯುತ್ತಿತ್ತು. ಹೀರುವ ಕೆಲಸ ಒಡಲಿಗೆ, ಒಣಗಿರುವ ಕೆಲಸ ಹೊದಿಕೆಗೆ ಎಂಬ ಈ ವಿಭಾಗವೇ ಈ ಚರಿತ್ರೆಯ ನಿಜವಾದ ತಿರುವು.

ಹೊದಿಕೆಯ ರಚನೆಯಲ್ಲಿ ಮೃದುತ್ವಕ್ಕೂ ಪುಟಿತಕ್ಕೂ ನಿತ್ಯಕಲಹ. ಎಳೆ ಸಣ್ಣದಾದರೆ ನುಣುಪು, ಆದರೆ ಬೇಗ ಚಪ್ಪಟೆಯಾಗುತ್ತದೆ. ದಪ್ಪವಾದರೆ ಪುಟಿಯುತ್ತದೆ, ಚುಚ್ಚುತ್ತದೆ. ಬಿಸಿ ಉರುಳೆಗಳ ನಡುವೆ ಹೆಚ್ಚು ಕಡೆ ಬೆಸೆದರೆ ಬಟ್ಟೆ ಗಡುಸು. ಕಡಿಮೆ ಬೆಸೆದರೆ ಜೂಲೇಳುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಚತುರವಾದುದು. ಒಳಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್, ಹೊರಗೆ ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವ ಪಾಲಿಎಥಿಲೀನ್ ಕವಚ. ಇಂಥ ಗುಂಗುರು ಎಳೆಗಳ ಮೂಲಕ ಬಿಸಿಗಾಳಿ ಹಾಯಿಸಿದರೆ, ಅವು ಸಂಧಿಸಿದಲ್ಲಿ ಮಾತ್ರ ಅಂಟಿ, ಒತ್ತಡವಿಲ್ಲದ ಕಾರಣ ಅರಳೆಯಂತೆ ಉಬ್ಬಿಯೇ ಉಳಿಯುತ್ತವೆ. 1980ರ ದಶಕದಲ್ಲಿ ತೂಕದ ಹಲವು ಪಟ್ಟು ದ್ರವವನ್ನು ಹಿಡಿಯುವ ಲೋಳೆಕಣಗಳು ಡೈಪರಿಗೆ ಸೇರಿ ಒಡಲು ತೆಳುವಾಯಿತು. ಈ ಕಣಗಳು ನಿಧಾನವಾಗಿ ನುಂಗುತ್ತವೆ. ಅಷ್ಟರವರೆಗೆ ದ್ರವವನ್ನು ತಡೆದಿರಿಸಲು ಹೊದಿಕೆಯ ಕೆಳಗೆ ಕುಗ್ಗದ ಮತ್ತೊಂದು ಉಬ್ಬುಪದರ ಅವಶ್ಯವಾಯಿತು.

ಭಾರತದಲ್ಲಿ ಈ ವಿದ್ಯೆಯನ್ನು ಬಡವರ ಮನೆಗೆ ತಂದವರಲ್ಲಿ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಪ್ರಮುಖರು. ಹೆಂಡತಿ ಚಿಂದಿಬಟ್ಟೆ ಬಳಸುವುದನ್ನು 1998ರಲ್ಲಿ ಕಂಡ ಅವರು ಮೊದಲು ಹತ್ತಿಯನ್ನೇ ನಂಬಿ ಸೋತರು. ಬೇಕಾದುದು ಮರದ ತಿರುಳೆಂದು ತಿಳಿಯಲು ವರ್ಷಗಳೇ ಹಿಡಿದವು. ಅವರ ಅಗ್ಗದ ಯಂತ್ರದಲ್ಲಿ ಹೆಂಗಸರೇ ತಿರುಳನ್ನು ಬಿಡಿಸಿ, ಒತ್ತಿ, ನೇಯದ ಬಟ್ಟೆಯಲ್ಲಿ ಸುತ್ತುತ್ತಾರೆ. ಸರಕಾರವು ಪ್ಯಾಡುಗಳ ಮೇಲಿನ ಶೇಕಡ 12ರ ತೆರಿಗೆಯನ್ನು ತೆಗೆದುದು 2018ರ ಜುಲೈಯಲ್ಲಿ.

ತಿರುಳು ಮಣ್ಣಿನಲ್ಲಿ ಕೊಳೆಯುತ್ತದೆ, ಪಾಲಿಪ್ರೊಪಿಲೀನ್ ಕೊಳೆಯದು. ಆದಕಾರಣ ಹತ್ತಿ ಮತ್ತು ವಿಸ್ಕೋಸ್ ಎಳೆಗಳನ್ನು ನೀರಿನ ಚಿಮ್ಮುಧಾರೆಯಿಂದ ಹೆಣೆದು ಹೊದಿಕೆ ಮಾಡುವ ಯತ್ನಗಳು ನಡೆದಿವೆ. ಅವುಗಳ ತೊಡಕು, ಒದ್ದೆಯಾದೊಡನೆ ಕುಸಿಯುವ 1920ರ ಅದೇ ಹಳೆಯ ತೊಡಕು.