ಗಡಿ ದಾಟಿ ಬಂದ ಪದಬಂಧ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ನಾವು 1956ರ ಅಕ್ಟೋಬರ್ ಕೊನೆಯವರೆಗೂ ಮುಂಬಯಿ ರಾಜ್ಯದವರು. ಬೆಂಗಳೂರು ಆಗ ನಮಗೆ ಪರರಾಜ್ಯ. ಅಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆ ಬಹುಮಾನದ ಪದಬಂಧವನ್ನು ಹೊತ್ತು ಮುಂಬಯಿ ರಾಜ್ಯಕ್ಕೂ ಬರುತ್ತಿತ್ತು. ಇಂಥ ಸ್ಪರ್ಧೆಗಳಿಗೆ ಮುಂಬಯಿಯ 1948ರ ಕಾಯ್ದೆ ಪರವಾನಗಿ, ತೆರಿಗೆ ವಿಧಿಸಿತ್ತು. 1952ರ ತಿದ್ದುಪಡಿ ಹೊರಗೆ ಅಚ್ಚಾದ ಪತ್ರಿಕೆಗಳನ್ನೂ ಹಿಡಿಯಿತು. ಅದೃಷ್ಟದ ಸ್ಪರ್ಧೆಗಳ ಬಹುಮಾನ ತಿಂಗಳಿಗೆ 1,000 ರೂಪಾಯಿ ಮೀರಕೂಡದೆಂದು ಕೇಂದ್ರದ 1955ರ ಕಾಯ್ದೆ ಮಿತಿ ಹಾಕಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು. ಜೂಜು ವ್ಯಾಪಾರವಲ್ಲ, ಅದಕ್ಕೆ ವ್ಯಾಪಾರದ ಹಕ್ಕಿಲ್ಲ ಎಂಬುದು ತೀರ್ಪಿನ ಸಾರ. ಅಷ್ಟರಲ್ಲಿ ನಾವು ಮೈಸೂರು ರಾಜ್ಯ ಸೇರಿದ್ದೆವು.

ಮುಂದೆ ಸರ್ಕಾರವೇ ಲಾಟರಿ ಮಾರಿತು. ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವುದನ್ನು 1998ರ ಕೇಂದ್ರ ಕಾಯ್ದೆ ನಿಷೇಧಿಸಿತು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿಯೇ ನಿಂತಿತು. ಅಂಕಿಯ ಮೇಲೆ ಹಣ ಕಟ್ಟಿಸುವ ಓಸಿ ಮಾತ್ರ ನಮ್ಮ ಕರಾವಳಿಯಲ್ಲಿ ನಿಂತಿಲ್ಲ.

ಗೆದ್ದವನಿಗೆ ಎಷ್ಟು ಸಿಗಬೇಕೆಂದು ಕಾನೂನು ಲೆಕ್ಕ ಹಾಕಿತು. ಸೋತವನ ಮನೆಯಲ್ಲಿ ಇಂದು ಒಲೆ ಉರಿಯಿತೇ ಎಂಬ ಲೆಕ್ಕ ಯಾರದು? ಪೊಲೀಸರು ದಾಳಿಯ ದಿನ ಬರುತ್ತಾರೆ. ಆ ಮನೆಯ ಪಕ್ಕದಲ್ಲಿ ದಿನವೂ ಇರುವವರು ನಾವಲ್ಲವೇ?