ಕಡಲೆಹಾಲಿನ ಪೂರ್ವೋತ್ತರ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದರು. ನಾವು ಆರಿಸಿಕೊಂಡ ವಿಷಯ ಕೇಳಿ ಕೆಲವರು ನಕ್ಕರು. ಹಾಲಿನ ಸಂಘದ ಪುಸ್ತಕದಲ್ಲಿ ಹಾಲಿಲ್ಲದ ಆಹಾರದ ಚರಿತ್ರೆಯೇ ಎಂದರು. ಬರೆಯಲು ಕಾರಣವಿದೆ, ಓದುಗರು ತಾಳ್ಮೆಯಿಂದ ಓದಬೇಕು.

ಸಂಘ ಶುರುವಾದ ದಿನದಿಂದ ಬೆಳಿಗ್ಗೆ ಸಂಜೆ ತಪ್ಪದೆ ಹಾಲು ಹಾಕಿದ ಹಿರಿಯ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ. ಅವರ ಮಗಳ ಮನೆ ಬಿ.ಟಿ.ಎಂ. ಲೇಔಟಿನಲ್ಲಿ. ಮೊಮ್ಮಗನಿಗೆ ಹಾಲು ಆಗಿಬರೋದಿಲ್ಲ. ಒಂದು ಗುಟುಕು ಒಳಗೆ ಹೋದರೂ ಮೈತುಂಬ ದದ್ದು, ವಾಂತಿ. ಹಾಲು, ಮೊಸರು, ಬೆಣ್ಣೆ, ಹಾಲಿನ ಪುಡಿ ಬಿದ್ದ ಬಿಸ್ಕತ್ತು ಯಾವುದೂ ಕೂಡದು ಅಂತ ಡಾಕ್ಟರು ಹೇಳಿಬಿಟ್ಟರು. ಅಳಿಯನದು ಗಾರ್ಮೆಂಟ್ಸ್ ಕೆಲಸ. ಜಯನಗರ, ಜೆ.ಪಿ. ನಗರದ ದೊಡ್ಡ ಅಂಗಡಿಗಳಲ್ಲಿ ಬಾದಾಮಿ ಹಾಲು, ಸೋಯಾ ಹಾಲು, ಓಟ್ಸ್ ಹಾಲು ಅಂತ ಡಬ್ಬಿಗಳು ಸಾಲಾಗಿ ಇವೆ. ಆದರೆ ಒಂದು ಲೀಟರಿಗೆ ನಮ್ಮ ಹಾಲಿನ ಎರಡು ಮೂರು ಪಾಲು, ಕೆಲವಕ್ಕೆ ಅದಕ್ಕೂ ಮೇಲೆ. "ನನ್ನ ಹಾಲು ಕುಡಿದು ಊರ ಮಕ್ಕಳೆಲ್ಲ ಬೆಳೆದವು, ನನ್ನ ಮೊಮ್ಮಗನಿಗೇ ಆಗದೆ ಹೋಯ್ತಲ್ಲ ಡೈರೆಕ್ಟ್ರಪ್ಪ" ಎಂದು ಆ ಹಿರಿಯರು ಸಂಘದ ಜಗಲಿ ಮೇಲೆ ಕೂತು ಹೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಹಿಂದಿನವರು ಇಂಥ ಮಕ್ಕಳಿಗೆ ಏನು ಕೊಡುತ್ತಿದ್ದರು ಎಂದು ಕೇಳುತ್ತಾ, ಓದುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ಮಾತು. ಹಾಲು ಅಂದರೆ ಹಸುವಿನದೇ ಎಂಬ ಭಾವನೆ ನಮ್ಮ ಕಡೆ ಹಿಂದೆ ಇರಲಿಲ್ಲ. ಕಾಯಿಹಾಲು ಅಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಶ್ಯಾವಿಗೆಗೆ, ಒಬ್ಬಟ್ಟಿಗೆ ಕಾಯಿಹಾಲೇ ಬೇಕು. ಗಸಗಸೆ ಪಾಯಸಕ್ಕೆ ಗಸಗಸೆ, ತೆಂಗಿನಕಾಯಿ, ಬೆಲ್ಲ ಸಾಕು. ಕೂಸಿಗೆ ರಾಗಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ರಾಗಿಹಾಲನ್ನು ಕಾಸಿ ತಿನ್ನಿಸುತ್ತಿದ್ದರು. ಹೊಲದಲ್ಲಿ ತೆನೆ ಬಲಿಯುವ ಮುಂಚೆ "ಹಾಲು ತುಂಬಿದೆ" ಅಂತಲೇ ಇವತ್ತಿಗೂ ಹೇಳುತ್ತೇವೆ. ಆಗ ದನದ ಹಾಲು ಮನೆಯಲ್ಲಿ ಎಲ್ಲಿತ್ತು? ನಮ್ಮ ಸೀಮೆಯ ಹಳ್ಳಿಕಾರ್ ಉಳುಮೆಗೆ, ಗಾಡಿಗೆ ಹೆಸರಾದ ತಳಿ, ಹಾಲಿಗಲ್ಲ. ಕರು ಕುಡಿದು ಮಿಕ್ಕದ್ದು ಮಜ್ಜಿಗೆಗೆ, ಒಂದಿಷ್ಟು ತುಪ್ಪಕ್ಕೆ. ಲೋಟಗಟ್ಟಲೆ ಹಸಿಹಾಲು ಕುಡಿಯುವುದು ಸೀಮೆಹಸು ಬಂದ ಮೇಲಿನ ಸಂಗತಿ.

ಇದಕ್ಕೆ ದೇಹದ ಕಡೆಯಿಂದಲೂ ಒಂದು ಆಧಾರ ಉಂಟು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಬಹಳ ಮಂದಿಗೆ ಬೆಳೆದ ಮೇಲೆ ಕಮ್ಮಿಯಾಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಉತ್ತರ ಭಾರತದವರಲ್ಲಿ 100ಕ್ಕೆ ಸುಮಾರು 27 ಮಂದಿಗೆ, ದಕ್ಷಿಣದವರಲ್ಲಿ ಸುಮಾರು 66 ಮಂದಿಗೆ ಈ ತೊಂದರೆ ಕಂಡಿತು. ಹಾಲು ಹೆಪ್ಪಾದಾಗ ಆ ಸಕ್ಕರೆ ಒಂದಷ್ಟು ಹುಳಿಯಾಗಿ ಹೋಗುವುದರಿಂದ ಮೊಸರು, ಮಜ್ಜಿಗೆ ಇಂಥವರಿಗೂ ಹೊಂದುತ್ತದೆ. ನಮ್ಮ ಹಿರಿಯರು ಮಜ್ಜಿಗೆಯನ್ನೇ ನೆಚ್ಚಿಕೊಂಡದ್ದು ಬಡತನಕ್ಕೆ ಮಾತ್ರ ಅಲ್ಲ ಎಂದು ನಮಗೆ ಅನಿಸುತ್ತದೆ. ಆದರೆ ನಮ್ಮ ಸದಸ್ಯರ ಮೊಮ್ಮಗನದು ಬೇರೆ ಜಾತಿಯ ತೊಂದರೆ. ಅದು ಹಾಲಿನ ಸಾರಾಂಶವೇ (ಪ್ರೋಟೀನು) ಒಗ್ಗದ ಅಲರ್ಜಿ. ಅಂಥವರಿಗೆ ಮಜ್ಜಿಗೆಯೂ ಕೂಡದು. ಈ ಎರಡನ್ನೂ ಒಂದೇ ಅಂತ ತಿಳಿದು "ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸಿ" ಅನ್ನುವ ಬಂಧುಗಳು ಪ್ರತಿ ಮನೆಯಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬಾರದು, ಪ್ರಾಣಕ್ಕೇ ಬರುತ್ತದೆ.

ಇನ್ನು ಬೆಂಗಳೂರಿನ ಕಥೆ. 1940ರ ದಶಕದಲ್ಲಿ, ಯುದ್ಧ ಮತ್ತು ಕ್ಷಾಮದ ಕಾಲದಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಡಾ. ವಿ. ಸುಬ್ರಹ್ಮಣ್ಯನ್ ಅವರೂ ಅವರ ಸಂಗಡಿಗರೂ ಸೋಯಾ ಅವರೆಯಿಂದ ಹಾಲು ತೆಗೆದು ಅದರ ಪೌಷ್ಟಿಕತೆ ಪರೀಕ್ಷಿಸಿದರು. ಡಬ್ಬಿ ಹಾಲು ಇಂದಿನ ಫ್ಯಾಷನ್ ಎಂದುಕೊಂಡವರು ಇದನ್ನು ಗಮನಿಸಬೇಕು. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ ಆದರು. ಸೋಯಾ ಆಗ ನಮ್ಮ ರೈತರ ಬೆಳೆಯಲ್ಲ. ನಮ್ಮಲ್ಲಿ ಇದ್ದದ್ದು ಕಡಲೆಕಾಯಿ. ಮೈಸೂರಿನವರು ಅದನ್ನು ಹಿಡಿದುಕೊಂಡರು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವ ಸೇರಿಸಿದ ಆಹಾರದ ಪುಡಿಯನ್ನು ತಯಾರಿಸಿದರು.

ಇವೆಲ್ಲಕ್ಕಿಂತ ನಮ್ಮನ್ನು ಬೆರಗು ಮಾಡಿದ್ದು ಮಿಲ್ಟೋನ್ ಎಂಬುದರ ಕಥೆ. ಬೆಂಗಳೂರು ಡೇರಿ 1965ರಲ್ಲಿ ಹೊಸೂರು ರಸ್ತೆಯಲ್ಲಿ ಶುರುವಾಯಿತಷ್ಟೆ. ಇವತ್ತಿನ ಡೇರಿ ಸರ್ಕಲ್ ಹೆಸರು ಅದರಿಂದಲೇ. ಊರು ಬೆಳೆಯುತ್ತಿತ್ತು, ಹಾಲು ಸಾಲುತ್ತಿರಲಿಲ್ಲ. ಆಗ ಮೈಸೂರಿನ ಸಂಶೋಧನಾಲಯದವರು ಕಡಲೆಕಾಯಿ ಹಿಂಡಿಯ ಪ್ರೋಟೀನನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಎಮ್ಮೆ ಹಾಲಿಗೆ ಬೆರೆಸಿ ಮಿಲ್ಟೋನ್ ಮಾಡಿದರು. 1970ರ ದಶಕದಲ್ಲಿ ಇದೇ ಬೆಂಗಳೂರು ಡೇರಿಯಲ್ಲಿ ಅದು ತಯಾರಾಯಿತು. ಯೂನಿಸೆಫ್ ನೆರವೂ ಇತ್ತು. ಎಮ್ಮೆ ಹಾಲು ಬೆರೆತದ್ದರಿಂದ ಅಲರ್ಜಿಯ ಮಗುವಿಗೆ ಅದು ಆಗುತ್ತಿರಲಿಲ್ಲ ನಿಜ. ಆದರೆ ಹಾಲಿನ ಡೇರಿಯೇ ಕಡಲೆಕಾಯಿಯಿಂದ ಹಾಲು ಮಾಡಿದ್ದುಂಟು ಎಂಬುದನ್ನು ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಬಲ್ಲರು? ಹಾಲಿನ ಸಂಘಕ್ಕೂ ಕಡಲೆಹಾಲಿಗೂ ಹಗೆ ಏನೂ ಇಲ್ಲ.

ಅದು ಏಕೆ ನಿಂತಿತು? ನಮಗೆ ತೋರುವ ಕಾರಣ ಎರಡು. ಮೊದಲನೆಯದು ನಾವೇ, ಅಂದರೆ ಹಾಲು ಉತ್ಪಾದಕರೇ. 1970ರಲ್ಲಿ ದೇಶದಲ್ಲಿ ಕ್ಷೀರಧಾರೆ ಯೋಜನೆ, 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, 1984ರಲ್ಲಿ ಮಹಾಮಂಡಳಿ ಬಂದು, ಹಳ್ಳಿ ಹಳ್ಳಿಯಲ್ಲೂ ಸಂಘ ಎದ್ದು, ಹಾಲು ಹೊಳೆಯಾಯಿತು. ಬೆರಕೆಯ ಅಗತ್ಯ ಬೀಳಲಿಲ್ಲ. ಎರಡನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷ ಲೆಕ್ಕದಲ್ಲಿ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ. ಅಲ್ಲಿಂದ ಮುಂದೆ ಕಡಲೆಕಾಯಿ ಆಹಾರಕ್ಕೆಲ್ಲ ಆ ಅನುಮಾನ ಅಂಟಿಕೊಂಡಿತು. ರೈತರಾದ ನಾವು ಇಲ್ಲಿ ಒಂದು ಮಾತು ಹೇಳಲೇಬೇಕು. ಕಿತ್ತ ಕಡಲೆಕಾಯಿಯನ್ನು ಹಸಿಯಾಗಿ ಮೂಟೆ ಕಟ್ಟಿ ತೂಕಕ್ಕೆ ಮಾರುವುದೇ ಬೂಷ್ಟಿಗೆ ಮೂಲ. ನಾಲ್ಕೈದು ಬಿಸಿಲು ಚೆನ್ನಾಗಿ ಕೊಟ್ಟು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವ ಹಾಗೆ ಒಣಗಿಸಿದರೆ ತೇವ ನೂರಕ್ಕೆ ಎಂಟರ ಹತ್ತಿರ ಇಳಿಯುತ್ತದೆ. ಆಗ ಬೂಷ್ಟು ಹಿಡಿಯೋದಿಲ್ಲ. ಬಣ್ಣ ಕೆಟ್ಟ, ಸುಕ್ಕಿದ, ಕಹಿ ಬೀಜ ಆರಿಸಿ ಎಸೆಯಬೇಕು. ದನಕ್ಕೂ ಹಾಕಬಾರದು, ಆ ವಿಷ ಹಾಲಿನಲ್ಲಿ ಇಳಿಯುತ್ತದೆ.

ಇನ್ನು ಊರಿನ ಆ ಭಾಗ ಹೇಗೆ ಬೆಳೆಯಿತು ಎನ್ನುವುದನ್ನೂ ಹೇಳಬೇಕು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಸಾರಕ್ಕಿ, ಜರಗನಹಳ್ಳಿ ಕಡೆಯ ಹೊಲಗದ್ದೆ ಜೆ.ಪಿ. ನಗರವಾಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿ.ಟಿ.ಎಂ. ಆಯಿತು. ರಾಗಿ, ಅವರೆ, ಕಡಲೆಕಾಯಿ ಬೆಳೆದ ಜಮೀನಿನ ಮೇಲೇ ಇವತ್ತು ಬಾದಾಮಿ ಹಾಲಿನ ಡಬ್ಬಿ ಮಾರುತ್ತಿದ್ದಾರೆ. ಹಳೆಯ ಗುರುತು ಉಳಿದಿರುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕಡೇ ಸೋಮವಾರ ಸುತ್ತಿನ ಹಳ್ಳಿಗಳವರು ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುವ ಪದ್ಧತಿ. ಈಗ ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದಲೂ, ತಮಿಳುನಾಡು, ಆಂಧ್ರದಿಂದಲೂ ಕಾಯಿ ಬಂದು ಬೀಳುತ್ತದೆ. ಸೇರಿನ ಲೆಕ್ಕ ಇನ್ನೂ ಹೋಗಿಲ್ಲ. ನಮ್ಮ ಕಡೆಯಿಂದ ಹೋಗುವ ಕಾಯಿ ವರ್ಷ ವರ್ಷಕ್ಕೆ ಇಳಿಯುತ್ತಿದೆ. ಬನ್ನೇರುಘಟ್ಟದ ಕಾಡಂಚಿನಲ್ಲಿ ಹಂದಿ ಕಾಟ ತಡೆಯಲಾರದೆ ಬಿತ್ತನೆಯನ್ನೇ ಬಿಟ್ಟವರಿದ್ದಾರೆ. ಬಿಟ್ಟ ಜಮೀನು ಸೈಟಾಯಿತು.

ಸಹಕಾರದ ಮೂಲಕ ಅಗ್ಗವಾಗಿ ಸಿಗಬೇಕು ಎಂಬ ಯೋಚನೆಯೂ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ನಾವೆಲ್ಲ ತರಬೇತಿಯಲ್ಲಿ ಕಲಿತಿದ್ದೇವೆ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1962ರ ಚೀನಾ ಯುದ್ಧದ ತರುವಾಯ ಬೆಲೆ ಹಿಡಿತದಲ್ಲಿಡಲು ಕೇಂದ್ರ ಸರ್ಕಾರ ಬಳಕೆದಾರರ ಸಹಕಾರಿ ಅಂಗಡಿಗಳಿಗೆ ನೆರವು ಕೊಟ್ಟಿತು. ಕೆಂಪೇಗೌಡ ರಸ್ತೆಯ ಜನತಾ ಬಜಾರಿನ ಹೆಸರು ನಮ್ಮ ತಂದೆಯವರ ಕಾಲದವರೆಲ್ಲ ಬಲ್ಲರು. 2004ರಲ್ಲಿ ರಾಜ್ಯ ಸರ್ಕಾರ ಸಾವಯವ ಕೃಷಿ ನೀತಿ ತಂದ ಮೇಲೆ ಲಾಲ್‌ಬಾಗಿನಲ್ಲಿ ಜೈವಿಕ ಕೃಷಿಕ್ ಸೊಸೈಟಿಯ ಮಳಿಗೆ ಬಂತು. ಸಿರಿಧಾನ್ಯ, ಗಾಣದ ಎಣ್ಣೆಗೆ ಗಿರಾಕಿ ಹೆಚ್ಚಿದರು. ಆದರೆ ಈ ಯಾವ ಅಂಗಡಿಯೂ "ಹಾಲು ಆಗದವರಿಗೆ" ಎಂದು ಒಂದು ಮೂಲೆ ಇಟ್ಟದ್ದನ್ನು ನಾವು ಕಾಣಲಿಲ್ಲ. ಬೇಕರಿಗಳಲ್ಲಿ "ಮೊಟ್ಟೆ ಹಾಕಿಲ್ಲ" ಅಂತ ಬೋರ್ಡು ಉಂಟು, "ಹಾಲು ಹಾಕಿಲ್ಲ" ಅಂತ ಇಲ್ಲ. ಹಸಿರು ಚುಕ್ಕಿ ನೋಡಿ ಸಸ್ಯಾಹಾರ ಅಂತ ತೆಗೆದುಕೊಂಡರೆ ಅದರಲ್ಲಿ ಹಾಲಿನ ಪುಡಿ ಇರಬಹುದು. 2020ರ ಲೇಬಲ್ ನಿಯಮದಂತೆ ಹಾಲು, ಸೋಯಾ, ಕಡಲೆಕಾಯಿ ಇವು ಇದ್ದರೆ ಪೊಟ್ಟಣದ ಮೇಲೆ ಬೇರೆಯಾಗಿ ನಮೂದಿಸಬೇಕು. ಓದು ಬಾರದವರು ಅಂಗಡಿಯವರ ಕೈಲಿ ಓದಿಸಿಕೊಳ್ಳಬೇಕು, ಸಂಕೋಚ ಬೇಡ. 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ, ಗುರುತು ಬಂದಿದೆ. ಆ ಗುರುತು ಬಿದ್ದ ಪದಾರ್ಥದ ಬೆಲೆಯೂ ಹಾಗೇ ಇದೆ ಅನ್ನಿ.

ಹಾಗಾದರೆ ಗಾರ್ಮೆಂಟ್ಸ್ ಸಂಬಳದವರು ಏನು ಮಾಡಬೇಕು? ಲೆಕ್ಕ ಹಾಕಿ ನೋಡಿದೆವು. ಒಂದು ಪಾವು ಕಡಲೆಬೀಜ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಅಳತೆಯ ಆರೇಳು ಪಾಲು ನೀರು ಕೂಡಿಸಿ, ತೆಳುಬಟ್ಟೆಯಲ್ಲಿ ಸೋಸಿ, ಕೈಬಿಡದೆ ತಿರುವುತ್ತಾ ಚೆನ್ನಾಗಿ ಕುದಿಸಿದರೆ ಕಡಲೆಹಾಲು. ಹಸಿ ವಾಸನೆ ಹೋಗಲು ಏಲಕ್ಕಿ, ಬೆಲ್ಲ. ಉಳಿದ ಹಿಂಡಿ ಚಟ್ನಿಗೆ, ಪಲ್ಯಕ್ಕೆ. ಅಂಗಡಿಯ ಡಬ್ಬಿಯ ಬೆಲೆಯ ಪಕ್ಕದಲ್ಲಿ ಈ ಖರ್ಚು ಯಾವ ಲೆಕ್ಕಕ್ಕೂ ಇಲ್ಲ, ನಮ್ಮ ಹಾಲಿಗಿಂತಲೂ ಹಗುರ ಬೀಳುತ್ತದೆ. ಸುಣ್ಣದ ಅಂಶ ಮಾತ್ರ ಇದರಲ್ಲಿ ಕಮ್ಮಿ. ಅದಕ್ಕೆ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಮೈಗೆ ಹಿಡಿಯುವುದರಲ್ಲಿ ಹಾಲಿನದೇ ಮೇಲು ಅನ್ನುತ್ತಾರೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಆ ಕೊರತೆ ಕಮ್ಮಿಯಾಗುತ್ತದೆ. ಕರಿ ಎಳ್ಳು, ಹುಚ್ಚೆಳ್ಳಿನ ಚಟ್ನಿ, ನುಗ್ಗೆಸೊಪ್ಪು ಜೊತೆಗಿರಲಿ. ವರ್ಷದೊಳಗಿನ ಕೂಸಿಗೆ ತಾಯಿಹಾಲಿನ ಜಾಗದಲ್ಲಿ ಇದ್ಯಾವುದನ್ನೂ ಕೊಡಕೂಡದು. ಹಾಲು ಆಗದ ಕೆಲವು ಮಕ್ಕಳಿಗೆ ಕಡಲೆಕಾಯಿಯೂ ಆಗೋದಿಲ್ಲ. ಆದ್ದರಿಂದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ನಮ್ಮ ಸದಸ್ಯರ ಮೊಮ್ಮಗನಿಗೆ ಡಾಕ್ಟರು ಪರೀಕ್ಷೆ ಮಾಡಿ ಕಡಲೆಕಾಯಿಗೆ ಅಡ್ಡಿಯಿಲ್ಲ ಎಂದರು. ಈಗ ಅವನು ಶಾಲೆಗೆ ಹೋಗುತ್ತಿದ್ದಾನೆ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅವನ ಲೋಟಕ್ಕೆ ಬೀಳದ ಹಾಗೆ ತಾಯಿ ಮೇಷ್ಟ್ರಿಗೆ ಚೀಟಿ ಬರೆದುಕೊಟ್ಟಿದ್ದಾಳೆ.

ಈ ವಿಚಾರ ನಮ್ಮ ಸರ್ವಸದಸ್ಯರ ಸಭೆಯಲ್ಲೂ ಬಂತು. ಸದಸ್ಯರು ಬೆಳೆದ ಕಡಲೆಬೀಜ, ರಾಗಿ ಹುರಿಹಿಟ್ಟು, ಎಳ್ಳನ್ನು ಬೆಂಗಳೂರಿನ ಇಂಥ ಮನೆಗಳಿಗೆ ನೇರವಾಗಿ ಒದಗಿಸಬಾರದೇಕೆ ಎಂಬ ಸಲಹೆಗೆ, ಕೂತ ಕೊಂಬೆ ಕಡಿದುಕೊಂಡ ಹಾಗಾಯ್ತು ಎಂದು ಕೂಗಿದವರಿದ್ದರು. ಹಾಲು ಕುಡಿಯಲಾಗದವರು ನಮ್ಮ ಗಿರಾಕಿಗಳೇ ಅಲ್ಲ, ಅವರಿಗೆ ಕಡಲೆಕಾಯಿ ಕೊಟ್ಟರೆ ನಮ್ಮ ಕ್ಯಾನಿನಿಂದ ಒಂದು ತೊಟ್ಟೂ ಕಮ್ಮಿಯಾಗೋದಿಲ್ಲ ಎಂಬುದು ನಮ್ಮ ವಾದ. ಒಂದು ಗಂಟೆ ಜಗಳವಾಯಿತು. ಸಂಘದ ಬೈಲಾದಲ್ಲಿ ಈ ವ್ಯಾಪಾರಕ್ಕೆ ಅವಕಾಶವಿಲ್ಲದ್ದರಿಂದ ಊರಿನ ಸ್ತ್ರೀಶಕ್ತಿ ಗುಂಪಿನವರು ಮಾಡಲಿ, ಸಂಘದ ಜಗಲಿಯನ್ನೂ ತಕ್ಕಡಿಯನ್ನೂ ಬಾಡಿಗೆ ಇಲ್ಲದೆ ಕೊಡೋಣ ಎಂದು ತೀರ್ಮಾನವಾಯಿತು. ಎರಡು ಸುಗ್ಗಿ ಆಗಿದೆ. ವ್ಯಾಪಾರ ದೊಡ್ಡದೇನಲ್ಲ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಕಡೆಯ ಕೆಲವು ಮನೆಗಳವರು ಕನಕಪುರ ರಸ್ತೆಯ ಬಸ್ಸಿನಲ್ಲಿ ಬಂದು ಒಯ್ಯುತ್ತಾರೆ. ಒಬ್ಬ ತಾಯಿ ಒಂದೇ ಸಲಕ್ಕೆ ಹತ್ತು ಸೇರು ಒಯ್ದರು.

ಈ ವರ್ಷ ಹಂದಿ ಕಾಟದಿಂದ ಉಳಿದ ಕಾಯಿ ಕಮ್ಮಿ. ಬೇಕಾದವರು ಪರಿಷೆಗೆ ಮುಂಚೆಯೇ ಗುಂಪಿನ ಹೆಣ್ಣುಮಕ್ಕಳ ಹತ್ತಿರ ಹೆಸರು ಬರೆಸಬೇಕು. ಸಂಕ್ರಾಂತಿ ಕಳೆದ ಮೇಲೆ ಬಂದರೆ ಆರಿಸಿದ ಬೀಜ ಸಿಕ್ಕುವುದಿಲ್ಲ, ಹುರಿಹಿಟ್ಟು ಮಾತ್ರ ಸಿಕ್ಕೀತು.