ಮರಳಿಗೆ ಹಾರಿ ಡೈವಿಂಗ್ ಕಲಿತ ಸ್ಯಾಮಿ ಲೀ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಸಾಡೀನಾ ಅಂತ ಒಂದು ಊರು. 1930ರ ದಶಕದಲ್ಲಿ ಅಲ್ಲಿನ ಸಾರ್ವಜನಿಕ ಈಜುಕೊಳಕ್ಕೆ ಬಿಳಿಯರಲ್ಲದವರು ವಾರಕ್ಕೆ ಒಂದೇ ದಿನ ಇಳಿಯಬಹುದಿತ್ತು. ಅವರು ಈಜಿ ಹೋದ ಮೇಲೆ ನೀರನ್ನೆಲ್ಲ ಹೊರಗೆ ಬಿಟ್ಟು ಹೊಸ ನೀರು ತುಂಬಿಸುತ್ತಿದ್ದರು. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಒಂದು ದಿನಕ್ಕೆ ಕಾಯುತ್ತಿದ್ದವರಲ್ಲಿ ಸ್ಯಾಮಿ ಲೀ ಕೂಡ ಒಬ್ಬ. 1920ರಲ್ಲಿ ಹುಟ್ಟಿದವನು, ತಂದೆ-ತಾಯಿ ಕೊರಿಯಾದಿಂದ ಬಂದವರು. ವಾರಕ್ಕೊಂದು ದಿನ ಹಾರಿದರೆ ಡೈವಿಂಗ್ ಎಲ್ಲಿ ಬಂದೀತು? ಕೋಚ್ ಜಿಮ್ ರಯಾನ್ ತಮ್ಮ ಹಿತ್ತಲಲ್ಲಿ ಗುಂಡಿ ತೆಗೆದು ಮರಳು ತುಂಬಿದರು. ಹಲಗೆಯಿಂದ ಚಿಮ್ಮಿ, ಗಾಳಿಯಲ್ಲಿ ಪಲ್ಟಿ ಹೊಡೆದು, ಮರಳಿನ ಮೇಲೆ ಕಾಲೂರಿ ಇಳಿಯುವುದೇ ಅಭ್ಯಾಸ. ಮರಳಲ್ಲಿ ಹಾರಿ ಹಾರಿ ಕಾಲಿಗೆ ಒಳ್ಳೇ ಬಲ ಬಂತು.

ಲೀ 1947ರಲ್ಲಿ ಡಾಕ್ಟರ್ ಆದರು. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಎತ್ತರದಿಂದ, ಅಂದರೆ ಸುಮಾರು ಮೂರು ಮಹಡಿ ಮೇಲಿನಿಂದ ಹಾರುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಕೊನೆಯ ಜಿಗಿತದಲ್ಲಿ ಮೂರೂವರೆ ಸುತ್ತು ಪಲ್ಟಿ. ಹೊಟ್ಟೆ ಅಡಿಯಾಗಿ ಬಿದ್ದೆನೇನೋ ಅಂತ ಹೆದರಿಯೇ ನೀರಿನಿಂದ ಮೇಲೆ ಬಂದರಂತೆ! 1952ರ ಹೆಲ್ಸಿಂಕಿಯಲ್ಲಿ ತಮ್ಮ 32ನೇ ಹುಟ್ಟುಹಬ್ಬದ ದಿನ ಅದೇ ಸ್ಪರ್ಧೆಯಲ್ಲಿ ಮತ್ತೆ ಚಿನ್ನ. ಸತತ ಎರಡು ಸಲ ಅದನ್ನು ಗೆದ್ದ ಮೊದಲ ಪುರುಷ ಇವರೇ.

ಎರಡು ಚಿನ್ನ, ಸೈನ್ಯದಲ್ಲಿ ಮೇಜರ್ ಹುದ್ದೆ, ಕಿವಿ-ಮೂಗು-ಗಂಟಲಿನ ತಜ್ಞ. ಇಷ್ಟಿದ್ದರೂ 1955ರಲ್ಲಿ ಗಾರ್ಡನ್ ಗ್ರೋವ್‌ನಲ್ಲಿ ಮನೆ ಕೊಳ್ಳಲು ಹೋದಾಗ, ಏಷ್ಯಾದವರಿಗೆ ಮಾರುವುದಿಲ್ಲ ಅಂದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದು ಗಲಾಟೆಯಾಯಿತು. ಆಮೇಲೆ ಅದೇ ಜಿಲ್ಲೆಯಲ್ಲಿ ಮನೆ ಸಿಕ್ಕಿತು.

ನನಗೆ ಪದಕಗಳಿಗಿಂತ ಮುಂದಿನ ಕಥೆಯೇ ದೊಡ್ಡದು. ಬಾಬ್ ವೆಬ್‌ಸ್ಟರ್ ಎಂಬ ಬಿಳಿಯ ಹುಡುಗ ಓದುತ್ತಿದ್ದ ಕಾಲೇಜಿನಲ್ಲಿ ಈಜುಕೊಳವೇ ಇರಲಿಲ್ಲ. ಲೀ ತಮ್ಮ ಹಿತ್ತಲಲ್ಲಿ ಹಲಗೆ ಹಾಕಿ, ಅದೇ ಮರಳಿನ ಗುಂಡಿಯ ಪಾಠ ಹೇಳಿಕೊಟ್ಟರು. ಆ ಹುಡುಗ 1960 ಮತ್ತು 1964ರಲ್ಲಿ, ಗುರುವಿನ ಹಾಗೆಯೇ, 10 ಮೀಟರ್‌ನಲ್ಲಿ ಸತತ ಎರಡು ಚಿನ್ನ ಗೆದ್ದ.

ಗ್ರೆಗ್ ಲೂಗಾನಿಸ್‌ನನ್ನಂತೂ ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. 1976ರ ಮಾಂಟ್ರಿಯಲ್‌ನಲ್ಲಿ ಅವನಿಗೆ 16ನೇ ವಯಸ್ಸಿಗೇ ಬೆಳ್ಳಿ. ಮುಂದೆ ಬೇರೆ ಕೋಚ್ ಕೈಯಲ್ಲಿ ಪಳಗಿ ನಾಲ್ಕು ಚಿನ್ನ ಗೆದ್ದ.

ಇಷ್ಟೆಲ್ಲದರ ನಡುವೆ ಡಾಕ್ಟರ್ ಕೆಲಸವೂ ನಡೆದೇ ಇತ್ತು. ಲೀ 2016ರ ಡಿಸೆಂಬರ್‌ನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಲಾಸ್ ಏಂಜಲೀಸ್‌ನ ಒಂದು ಪ್ರಾಥಮಿಕ ಶಾಲೆಗೆ ಈಗ ಅವರ ಹೆಸರಿದೆ.